ಹತ್ತೊಂಬತ್ತನೆಯ ಓಟು

...ಹಾಗೆ ಬಾಗಿಲಲ್ಲೇ ನಿಂತು ಕ್ಷಮೆ ಕೇಳೋದಾದ್ರೆ ನಾಯಿ ಹತ್ರ ಕೇಳು ನೆರೀಡಾ, ಅದು ಯಾರನ್ನಾದ್ರೂ ಕ್ಷಮಿಸುತ್ತೆ. ನನ್ನ ಹತ್ರ ಕೇಳ್ಬೇಕಾದ್ರೆ ಒಳಗೆ ಬರ್ಬೇಕು, ಕೂತ್ಕೋಬೇಕು, ಈ ಬಟಾಣಿ ಬಿಡಿಸ್ಬೇಕು. ಆ ಕುರ್ಚಿ ಬೇಡ. ಅದರ ಒಂದು ಕಾಲು ನಮ್ಮ ಪಕ್ಷದ ಹಾಗೆ, ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ. ಇಲ್ಲಿ ಕೂತ್ಕೋ, ಒಲೆ ಪಕ್ಕ. ಜಾಯ್ಸ್ ಇಲ್ಲ. ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಬೋಲ್ಸ್ ಆಟದ ಕ್ಲಬ್ ಬಿಟ್ಟು ಇನ್ನೆಲ್ಲೂ ಇರಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೇ ಈ ಹೊತ್ತಿಗೆ ಬಂದಿದ್ದೀಯ. ಅವಳ ಮುಂದೆ ಅಳೋಕೆ ನಾಚಿಕೆ, ನನ್ನ ಮುಂದೆ ಅಳೋಕೆ ಇಲ್ಲ. ಇರ್ಲಿ ಬಿಡು.

ಗೆದ್ದೋರ ಮುಖವಾ ಇದು? ನಿನ್ನೆ ಪಕ್ಷದ ಸಭೇಲಿ ಕಾರ್ಯದರ್ಶಿ ನೋರ್ಮಾ ಎದ್ದು ನಿಂತು, "ನೆರೀಡಾ ಪ್ಯಾಸ್ಕೋ ಹತ್ತೊಂಬತ್ತು, ಕ್ಲೆಮ್ ಹ್ಯಾರಗನ್ ಹದಿನೆಂಟು" ಅಂದಾಗ ನಾನು ನಿನ್ನ ಕಡೇನೇ ನೋಡ್ತಿದ್ದೆ. ಯಾರೋ ಸತ್ತ ಸುದ್ದಿ ಕೇಳ್ದೋಳ ಹಾಗೆ ಕೂತಿದ್ದೆ. ಸತ್ತೋನು ನಾನು ಕಣಮ್ಮ. ಸತ್ತೋನೇ ಎದ್ದು ಚಪ್ಪಾಳೆ ಶುರು ಮಾಡ್ಬೇಕಾಯ್ತು. ಬರ್ಕಿಂಡಾ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯ, ಏಳು ಚುನಾವಣೆ ಗೆದ್ದೋನು, ಸ್ವಂತ ಪಕ್ಷದ ಟಿಕೆಟ್ಟನ್ನ ಸ್ವಂತ ಆಫೀಸಿನ ಹುಡುಗಿ ಕೈಲಿ ಕಳ್ಕೊಂಡ... ಏನು, ಹುಡುಗಿ ಅಂದದ್ದಕ್ಕೆ ಕೋಪನಾ? ನಲವತ್ತೆಂಟು ನನಗೆ ಹುಡುಗಿ ವಯಸ್ಸೇ. ಊರೋರು ಒಂದು ತಿಂಗಳು ನಗ್ತಾರೆ, ನಗ್ಲಿ. ಈ ಊರಲ್ಲಿ ಸಿನಿಮಾ ಮಂದಿರ ಮುಚ್ಚಿ ಎಷ್ಟು ವರ್ಷ ಆಯ್ತು.

ಏನಂದೆ? ...ಇಲ್ಲ, ಕೇಳಿಸ್ತು. ಕೇಳಿಸ್ತು, ಆದ್ರೂ ಇನ್ನೊಂದ್ಸಲ ಹೇಳು. ಐದು ಗಂಟೆಗೆ ಗಡುವು, ಅದರೊಳಗೆ ನೋರ್ಮಾಗೆ ಫೋನ್ ಮಾಡಿ ನಿನ್ನ ಹೆಸರು ವಾಪಸ್ ತಗೋತೀಯಾ. ಭೇಷ್. ಬಹಳ ಚೆನ್ನಾಗಿದೆ. ನೀನು ವಾಪಸ್ ತಗೊಂಡ್ರೆ ಟಿಕೆಟ್ಟು ತಾನಾಗೇ ನಡ್ಕೊಂಡು ನನ್ನ ಜೇಬಿಗೆ ಬಂದು ಕೂತ್ಕೊಳ್ಳುತ್ತೆ ಅಂದ್ಕೊಂಡಿದ್ದೀಯ. ಪಕ್ಷದ ನಿಯಮ ನನಗಿಂತ ಚೆನ್ನಾಗಿ ನಿನಗೆ ಗೊತ್ತಲ್ಲ. ಗೆದ್ದೋರು ಹಿಂದೆ ಸರಿದ್ರೆ ಸೋತೋನಿಗೆ ಸಿಗಲ್ಲ, ಸಿಡ್ನಿಯ ಪಕ್ಷದ ಕಚೇರಿಯೋರ ಕೈಗೆ ಹೋಗುತ್ತೆ. ಸಿಡ್ನಿಯೋರು ಯಾರನ್ನ ಕಳಿಸ್ತಾರೆ ಅಂತಲೂ ನಿನಗೆ ಗೊತ್ತು. ಹೇಳು, ಬಾಯಿ ಬಿಟ್ಟು ಹೇಳು ಅವನ ಹೆಸರು.

ಟ್ರಿಸ್ಟನ್. ಹಾಂ. ನಗು ಬಂತು ನೋಡು. ಹೋದ ಸಲ ಜಾನುವಾರು ಜಾತ್ರೆಗೆ... ಅದೇ, ನಮ್ಮ ಊರಿನ ಕೃಷಿ ಪ್ರದರ್ಶನಕ್ಕೆ ಬಂದಿದ್ದನಲ್ಲ, ಹೊಸ ಟೋಪಿ ಹಾಕ್ಕೊಂಡು. ಬೆಲೆ ಚೀಟಿ ಇನ್ನೂ ಟೋಪಿಯಿಂದ ನೇತಾಡ್ತಿತ್ತು. ನಮ್ಮ ಕೀತ್ ಡೌಡ್ ಕೈಯನ್ನ ಮೂರು ಸಲ ಕುಲುಕಿ ಮೂರು ಸಲವೂ "ನೀವು ಏನು ಕೆಲಸ ಮಾಡ್ತೀರಿ" ಅಂತ ಕೇಳ್ದ. ಮೊದಲನೇ ಸಲ ಕೀತ್ "ಪೋಸ್ಟ್‌ಮ್ಯಾನ್ ಆಗಿದ್ದೆ" ಅಂದ. ಎರಡನೇ ಸಲ "ಬಿಷಪ್" ಅಂದ. ಮೂರನೇ ಸಲ "ಜೈಲಿಂದ ನಿನ್ನೆ ಬಂದೆ" ಅಂದ. ಮೂರಕ್ಕೂ ಆ ಹುಡುಗ "ಅದ್ಭುತ" ಅಂದ. ಅವನ ಕೈಗೆ ಬರ್ಕಿಂಡಾ ಕೊಡ್ತೀಯಾ? ಪಿಂಚಣಿ ನಿಂತುಹೋದ ಮುದುಕರು ಅವನ ಮುಂದೆ ಕೂತು ಅಳ್ಬೇಕಾ? ಅವನು ಅದಕ್ಕೂ ಅದ್ಭುತ ಅಂತಾನೆ.

ಬಟಾಣಿ ತಿನ್ಬೇಡ, ಬಿಡಿಸು. ಕುರಿ ತೊಡೆ ಒಲೇಲಿದೆ, ಇನ್ನೊಂದು ಗಂಟೆಯಲ್ಲಿ ಬೇಯುತ್ತೆ. ನೀನೂ ಊಟಕ್ಕೆ ಇರ್ತೀಯ. ಇಲ್ಲ, ಇರ್ತೀಯ.

ನಂಬಿಕೆ ದ್ರೋಹ? ಯಾರು, ನೀನಾ? ಮಾಡೋರು ಬೇರೆ ಥರ ಇರ್ತಾರಮ್ಮ. ನಾನು ಕ್ಯಾನ್‌ಬೆರಾದಲ್ಲಿ ನೋಡಿದ್ದೀನಿ, ಬೆನ್ನಿಗೆ ಇರಿಯೋಕೆ ಮುಂಚೆ "ಕೋಟು ಚೆನ್ನಾಗಿದೆ ಕ್ಲೆಮ್" ಅಂತಾರೆ. ನೀನು ನಿಂತದ್ದು ಯಾಕೆ ಅಂತ ನನಗೆ ಗೊತ್ತಿಲ್ವಾ? ನೋರ್ಮಾ ನಿನ್ನ ಹೆಸರು ಬರ್ದಳು, ಹೆರಿಗೆ ವಾರ್ಡ್ ಮುಚ್ಚಿದ ಮೇಲೆ ಸಿಟ್ಟಾಗಿದ್ದ ಹೆಂಗಸರೆಲ್ಲ ಹಿಂದೆ ನಿಂತ್ರು. ನೀನು, "ಹೇಗೂ ಸೋಲ್ತೀನಿ, ಮುದುಕನಿಗೆ ಸ್ವಲ್ಪ ಬಿಸಿ ಮುಟ್ಲಿ" ಅಂತ ಒಪ್ಕೊಂಡೆ. ಸರಿ ತಾನೇ? ಬಿಸಿ ಮುಟ್ಟಿಸೋಕೆ ಹೋಗಿ ಮನೇನೇ ಸುಟ್ಟೆ. ಅಷ್ಟೇ ಆಗಿರೋದು.

ಹತ್ತೊಂಬತ್ತನೇ ಓಟು ಯಾರದು? ...ಅದೇನು, ಅದಕ್ಕೇ ನಿದ್ದೆ ಬರ್ಲಿಲ್ವಾ ನಿನಗೆ? ಹದಿನೆಂಟು ಜನ ಯಾರು ಯಾರು ಅಂತ ಗೊತ್ತು, ಎಲ್ಲರೂ ನಿನ್ನ ಹತ್ರ ಹೇಳಿದ್ದಾರೆ, ಹತ್ತೊಂಬತ್ತನೆಯೋರು ಯಾರು ಅಂತ ಗೊತ್ತಿಲ್ಲ, ನನ್ನ ಕಡೆಯೋರೇ ಯಾರೋ ನನ್ನ ಕತ್ತು ಕೊಯ್ದಿದ್ದಾರೆ, ಅಂಥ ಗೆಲುವು ಬೇಡ... ಇದಾ ನಿನ್ನ ಸಂಕಟ?

ಕೇಳು ಇಲ್ಲಿ. ನಾನು ಎಲ್ಲಿ ಕಲಿತೆ ರಾಜಕೀಯ ಅಂತ ಎಷ್ಟು ಸಲ ಹೇಳಿದ್ದೀನಿ ನಿನಗೆ? ...ಅಷ್ಟು ಸಲ ಹೇಳಿದ್ದೀನಾ? ಹಾಗಾದ್ರೆ ಇನ್ನೊಂದ್ಸಲ ಕೇಳೋದ್ರಿಂದ ಸಾಯಲ್ಲ. ಹತ್ತೊಂಬತ್ತು ವರ್ಷಕ್ಕೆ ನಾನು ಉಣ್ಣೆ ಕತ್ತರಿಸೋರ ಶೆಡ್ಡಲ್ಲಿ ಅಡುಗೆಯೋನು. ಅಡುಗೆ ಗೊತ್ತಿತ್ತಾ? ಎಲ್ಲಿಂದ ಬರ್ಬೇಕು. ನಮ್ಮಪ್ಪ ರೈಲು ಹಳಿ ರಿಪೇರಿ ಮಾಡೋನು, ನಮ್ಮಮ್ಮ ಆಲೂಗಡ್ಡೆ ಬಿಟ್ಟು ಬೇರೆ ತರಕಾರಿ ಕಂಡೋಳಲ್ಲ. ಆದ್ರೆ ಆ ಶೆಡ್ಡುಗಳಲ್ಲಿ ಒಂದು ಪದ್ಧತಿ. ಅಡುಗೆಯೋನನ್ನ ಇಟ್ಕೋಬೇಕಾ ಓಡಿಸ್ಬೇಕಾ ಅಂತ ಕತ್ತರಿಯೋರೆಲ್ಲ ಓಟು ಹಾಕ್ತಾರೆ. ನನಗೆ ಮುಂಚೆ ಇದ್ದೋನನ್ನ ಎರಡೇ ಊಟಕ್ಕೆ ಓಡಿಸಿದ್ರು. ನಾನು ಉಳ್ಕೊಂಡದ್ದು ಒಣದ್ರಾಕ್ಷಿ ಪುಡ್ಡಿಂಗ್‌ನಿಂದ. ಹುಳಿ ಬಂದ ರೊಟ್ಟಿ, ಉಪ್ಪಾದ ಮಾಂಸ, ಎಲ್ಲ ಕ್ಷಮಿಸಿದ್ರು. ಕೊನೇಲಿ ಸಿಹಿ ಸಿಕ್ಕಿದ್ರೆ ಜನ ಮೊದಲು ತಿಂದದ್ದನ್ನ ಮರೀತಾರೆ. ಏಳು ಚುನಾವಣೆ ನಾನು ಅದೊಂದೇ ವಿದ್ಯೆಯಿಂದ ಗೆದ್ದದ್ದು.

ನಗು, ನಗು. ಆದ್ರೆ ಮುಖ್ಯ ಮಾತು ಅದಲ್ಲ. ರಾತ್ರಿ ಮಳೆ ಬಂದಿದ್ರೆ ಬೆಳಗ್ಗೆ ಜಗಳ. ಕುರಿ ಒದ್ದೆಯಾ, ಒಣಗಿದೆಯಾ? ಒದ್ದೆ ಕುರಿ ಉಣ್ಣೆ ಕತ್ತರಿಸಿದ್ರೆ ಮೈ ಕೈ ನೋವು, ಜ್ವರ. ಕತ್ತರಿಸ್ದೆ ಇದ್ರೆ ಆ ದಿನದ ಕೂಲಿ ಇಲ್ಲ. ಯಜಮಾನ ಒಣಗಿದೆ ಅಂತಾನೆ, ಅವನು ಇನ್ನೇನು ಅಂದಾನು. ಆಗ ಎಲ್ಲರೂ ಎರಡೆರಡು ಕುರಿ ಉಣ್ಣೆ ಕತ್ತರಿಸಿ ನೋಡಿ ಚೀಟಿ ಹಾಕ್ತಾರೆ. ಒದ್ದೆ ಅಥವಾ ಒಣ. ಡಬ್ಬಿ ಹಿಡ್ಕೊಂಡು ಎಣಿಸೋನು ಅಡುಗೆಯೋನು, ಯಾಕಂದ್ರೆ ಅವನಿಗೆ ಓಟಿಲ್ಲ. ಒಂದೇ ಒಂದು ಚೀಟೀಲಿ ಇಡೀ ಶೆಡ್ಡು ಕೆಲಸ ಬಿಟ್ಟು ಮಲಗಿದ್ದು ನೋಡಿದ್ದೀನಿ. ಆಮೇಲೆ ಯಾರಾದ್ರೂ "ಅಣ್ಣಾ, ನೀನು ಏನು ಬರೆದೆ" ಅಂತ ಕೇಳ್ತಿದ್ರಾ? ಕೇಳ್ತಿರ್ಲಿಲ್ಲ. ಕೇಳಿದ್ರೆ ಅವನ ಜೊತೆ ಊಟಕ್ಕೆ ಯಾರೂ ಕೂರ್ತಿರ್ಲಿಲ್ಲ. ಮಗಳ ಶಾಲೆ ಫೀಸಿಗೆ ಒಬ್ಬ ಒಣ ಅಂತ ಬರ್ದಿರ್ತಾನೆ, ಸೊಂಟ ನೋವಿಗೆ ಇನ್ನೊಬ್ಬ ಒದ್ದೆ ಅಂತ ಬರ್ದಿರ್ತಾನೆ. ಅದು ಅವನ ಪಾಡು. ಡಬ್ಬಿ ಹೇಳಿದ ಮೇಲೆ ಆಯ್ತು. ಅದಕ್ಕೇ ಹೇಳ್ತೀನಿ, ಹತ್ತೊಂಬತ್ತನೆಯೋರು ಯಾರು ಅಂತ ಕೆದಕ್ಬೇಡ. ಅದು ಸಭ್ಯರ ಲಕ್ಷಣ ಅಲ್ಲ.

ಆದ್ರೂ ಬಿಡಲ್ಲ. ಹಠ. ಇದೇ ಹಠ ನಿನ್ನನ್ನ ಕೆಲಸಕ್ಕೆ ತಗೊಂಡ ದಿನವೂ ಇತ್ತು. "ನಿಮ್ಮ ಮೊದಲನೇ ಭಾಷಣ ಟೀವೀಲಿ ನೋಡ್ದೆ, ಬಹಳ ಉದ್ದ ಆಯ್ತು" ಅಂದವಳು ನೀನು. ಸಂದರ್ಶನಕ್ಕೆ ಬಂದೋಳು! ಪಾರ್ಲಿಮೆಂಟಲ್ಲಿ ಹೊಸಬನ ಮೊದಲ ಭಾಷಣಕ್ಕೆ ಯಾರೂ ಅಡ್ಡ ಬಾಯಿ ಹಾಕಬಾರದು ಅಂತ ಸಂಪ್ರದಾಯ. ಎದುರು ಪಕ್ಷದೋರೂ ಸುಮ್ನೆ ಕೂತಿರ್ತಾರೆ. ನಾನು ಅಂದ್ಕೊಂಡೆ, ಆಹಾ, ಎಲ್ಲ ಮೈಮರೆತು ಕೇಳ್ತಿದ್ದಾರೆ. ಕುರಿ, ರೈಲು, ನಮ್ಮಪ್ಪ, ಪುಡ್ಡಿಂಗ್, ಒಂದೂ ಬಿಡ್ಲಿಲ್ಲ. ಎರಡನೇ ಭಾಷಣಕ್ಕೆ ಎದ್ದು ನಿಂತಾಗ ಗೊತ್ತಾಯ್ತು. ಒಂದು ವಾಕ್ಯ ಮುಗಿಸೋಕೆ ಬಿಡ್ಲಿಲ್ಲ ದರಿದ್ರದೋರು.

ನೀನು ನಗೋದನ್ನ ನೋಡಿದ್ರೆ ನನಗೆ ಸದನದಲ್ಲಿ ಗಲಾಟೆ ಮಾಡಿ ಪಡೆದ ಆ ಒಂದೊಂದು ಗಂಟೆಯ ಶಿಕ್ಷೆಗಳು ನೆನಪಾಗುತ್ವೆ. ಸ್ಪೀಕರು "ಹ್ಯಾರಗನ್ ಅವರೇ, ಒಂದು ಗಂಟೆ ಹೊರಗಿರಿ" ಅಂತಿದ್ದ ಹಾಗೇ ಫೋನು. ನಾನು ಬಾಗಿಲು ದಾಟೋಕೆ ಮುಂಚೆ ನಿನ್ನ ಫೋನು. "ಬಾಸ್, ಒಂದು ಗಂಟೆ ಬಿಡುವಾಯ್ತಲ್ಲ, ಮಿಸೆಸ್ ಟ್ರಾಂಟರ್ ಪಿಂಚಣಿ ವಿಷಯ ಮಂತ್ರಿ ಹತ್ರ ಮಾತಾಡಿ ಬನ್ನಿ." ನನ್ನನ್ನ ಹೊರಗೆ ಹಾಕಿದ್ದಕ್ಕೆ ಎದುರು ಪಕ್ಷದೋರು ಖುಷಿಪಡ್ತಿದ್ರು. ಅವರಿಗೇನು ಗೊತ್ತು, ಬರ್ಕಿಂಡಾದ ಕೆಲಸ ಆಗ್ತಿದ್ದದ್ದೇ ಆವಾಗ. ಸೇತುವೆ ಬಂದದ್ದು ಹಾಗೆ, ಮೊಬೈಲ್ ಟವರ್ ಬಂದದ್ದು ಹಾಗೆ. ನಾನೂ ಆಮೇಲೆ ಆಮೇಲೆ, ನೀನು ಬೆಳಗ್ಗೆ ಕೆಲಸ ಜಾಸ್ತಿ ಇದೆ ಅಂದ್ರೆ, ಊಟಕ್ಕೆ ಮುಂಚೆ ಸ್ಪೀಕರನ್ನ ಕೆಣಕಿಬಿಡ್ತಿದ್ದೆ.

ಮಂತ್ರಿ? ಆಗಿದ್ದೆನಲ್ಲ. ಸಹಾಯಕ ಮಂತ್ರಿ. ಹನ್ನೊಂದು ತಿಂಗಳು. ಎಂಥದಕ್ಕೆ ಅಂತ ನೆನಪಿದೆಯಾ ನಿನಗೆ? ನನಗೂ ಇಲ್ಲ. ಕಾರು ಚೆನ್ನಾಗಿತ್ತು.

ಸರಿ. ಸರಿ, ಅಷ್ಟು ಆಸೆ ಇದ್ರೆ ಎಣಿಸೋಣ. ನಿನ್ನೆ ಓಟು ಹಾಕಿದೋರು ಮೂವತ್ತೇಳು ಜನ. ಹತ್ತೊಂಬತ್ತನೆಯೋನು ಕೀತ್ ಡೌಡ್. ಹೂಂ, ಕೀತ್. ನಲವತ್ತು ವರ್ಷದ ಸ್ನೇಹ, ಆದ್ರೆ ಅವನ ಮನಸ್ಸಲ್ಲಿ ಒಂದು ಮುಳ್ಳಿದೆ. ಅವನ ಬೀದಿಗೆ ನಾನು ದೀಪ ಹಾಕಿಸ್ಲಿಲ್ಲ. ...ಏನು? ಅವನು ಚೀಟಿ ಮಡಚ್ದೆ ಎಲ್ಲರಿಗೂ ತೋರಿಸ್ಕೊಂಡೇ ಹೋಗಿ ಹಾಕಿದ್ನಾ? ನನ್ನ ಹೆಸರಿಗೆ? ನೋರ್ಮಾ ಬೈದಳಾ? ಛೇ. ಅಂಥ ಪೆದ್ದನನ್ನ ಅನುಮಾನ ಪಟ್ಟೆನಲ್ಲ.

ಹಾಗಾದ್ರೆ ನೋರ್ಮಾನೇ. ಆ ಕೇಕಿನ ಸಿಟ್ಟು ಅವಳು ಇನ್ನೂ ಇಟ್ಕೊಂಡಿದ್ದಾಳೆ. ರಾಜಕಾರಣಿ ಆದೋನು ಎರಡರಲ್ಲಿ ತೀರ್ಪು ಕೊಡ್ಬಾರದು, ಕೇಕು ಮತ್ತು ಕೂಸು. ನಮ್ಮ ಪಕ್ಷದಲ್ಲಿ ಮೊದಲ ದಿನ ಇದನ್ನ ಹೇಳಿಕೊಡ್ತಾರೆ. ನಾನು ಹಳೇ ಅಡುಗೆಯೋನು, ಕೈ ತಡೀಲಿಲ್ಲ. ಪ್ರದರ್ಶನದ ಹಣ್ಣಿನ ಕೇಕ್ ಸ್ಪರ್ಧೇಲಿ ನೋರ್ಮಾಗೆ ಎರಡನೇ ಬಹುಮಾನ ಕೊಟ್ಟೆ. ಒಳಗೆ ಬೆಂದಿರ್ಲಿಲ್ಲ, ಏನು ಮಾಡ್ಲಿ. ಆ ಮೇಲೆ ಹತ್ತು ವರ್ಷ ಅವಳು ನನಗೆ ಟೀ ಕೊಡೋವಾಗ ಸಕ್ಕರೆ ಹಾಕಿಲ್ಲ. ...ಹಾಂ? ಅವಳು ಆ ಹದಿನೆಂಟರಲ್ಲೇ ಇದ್ದಾಳಾ. ಹೌದು, ಹೌದು, ಹೆಸರು ಬರ್ದವಳೇ ಅವಳಲ್ವಾ. ಮರೆತೆ.

ಜಾಯ್ಸ್! ಜಾಯ್ಸ್ ಯಾಕಾಗಿರ್ಬಾರದು? ಗಂಡ ಮನೇಲಿರ್ಲಿ ಅಂತ ಯಾವ ಹೆಂಡತಿಗೆ... ಏನು ಹಾಗೆ ನೋಡ್ತೀಯ. ಹೌದಪ್ಪ, ಅವಳು ಪಕ್ಷದ ಸದಸ್ಯೆ ಅಲ್ಲ. "ಮನೇಲಿ ಒಬ್ಬರು ಹುಚ್ಚರಿದ್ರೆ ಸಾಕು" ಅಂತ ಮದುವೆಯಾದಾಗಲೇ ಅಂದಿದ್ಲು. ಸುಮ್ನೆ ಬಾಯಿಗೆ ಬಂತು.

ಬಿಲ್ ಟ್ರಾಂಟರ್. ಅವನೇ. ಅವನ ಕಣ್ಣು ನನ್ನ ಕಣ್ಣಿಗೆ ಸೇರ್ತಿರ್ಲಿಲ್ಲ ನಿನ್ನೆ... ನಿನ್ನೆ ಬಂದೇ ಇರ್ಲಿಲ್ವಾ? ಮೊಣಕಾಲು ಆಪರೇಷನ್ನಾ. ಅದಕ್ಕೇ ನೋಡು, ಕಣ್ಣಿಗೆ ಸೇರ್ಲಿಲ್ಲ.

ಎದ್ದು ಯಾಕೆ ನಿಂತೆ? ಬಟಾಣಿ ಇನ್ನೂ ಅರ್ಧ ಇದೆ.

ಬೆರಳು ಮಡಚೋದು ನಿಲ್ಸು ನೆರೀಡಾ. ನೀನು ಎಣಿಸೋಕೆ ಕೂತ್ರೆ ನನಗೆ ಯಾವತ್ತೂ ಭಯ. ನೀನು ಬಂದ ಮೇಲಿನ ಆರು ಚುನಾವಣೇಲೂ ನಿನ್ನ ಲೆಕ್ಕ ತಪ್ಪಿಲ್ಲ, ಯಾವ ಮತಗಟ್ಟೇಲಿ ಎಷ್ಟು ಅಂತ ಹಿಂದಿನ ದಿನವೇ ಹೇಳ್ತಿದ್ದೆ. ಒಂದೇ ಒಂದು ತಪ್ಪು ಮಾಡ್ತೀಯ, ನಮ್ಮ ಕಸುಬಲ್ಲಿ ಎಲ್ಲರೂ ಮಾಡೋದೇ. ಅಭ್ಯರ್ಥಿಯ ಸ್ವಂತ ಓಟನ್ನ ಎಣಿಸೋಕೇ ಹೋಗಲ್ಲ. ಮೊದಲೇ ಅವನ ಕಡೆ ಒಂದು ಗೆರೆ ಎಳೆದು, ಆಮೇಲೆ ಉಳಿದೋರನ್ನ ಎಣಿಸ್ತೀಯ...

ಛೇ. ಅದನ್ನ ನಾನು ಹೇಳ್ಬಾರದಿತ್ತು.

ಏನು ಹಾಗೆ ನೋಡ್ತಿದ್ದೀಯ. ಕೂತ್ಕೋ. ಮುಖದಲ್ಲಿ ಏನಾದ್ರೂ ಮೆತ್ತಿದೆಯಾ? ಹಿಟ್ಟಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ನೋಡು, ಇನ್ನೊಬ್ಬರ ಹೆಗಲೆಲ್ಲ ಮುಟ್ಟಿ ಮುಟ್ಟಿ ತೋರಿಸ್ತಿದ್ದೆ.

ಹೂಂ. ನಾನೇ.

ನಿನಗೇ ಹಾಕ್ದೆ. ಬೈಯ್ಯೋದಾದ್ರೆ ಬೈದುಬಿಡು, ಆದ್ರೆ ಒಂದು ನಿಮಿಷ ಕೇಳಿ ಆಮೇಲೆ ಬೈ. ನನಗೆ ಸಾಕು ಅನ್ನಿಸಿ ಒಂದು ವರ್ಷ ಆಯ್ತು. ಸಾಕು ಅಂತ ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು? ಜಾಗ ಖಾಲಿ ಅಂತ ಸಿಡ್ನಿಯೋರು ಮಾರನೇ ದಿನವೇ ಟ್ರಿಸ್ಟನ್‌ಗೆ ಆ ಹೊಸ ಟೋಪಿ ತೊಡಿಸಿ ಕಳಿಸ್ತಿದ್ರು. ಹಾಲಿ ಸದಸ್ಯ ಸ್ಪರ್ಧೆಗೆ ನಿಂತ್ರೆ ಮಾತ್ರ ಇಲ್ಲಿನ ಪಕ್ಷದ ಸದಸ್ಯರ ಓಟು, ಸಿಡ್ನಿಯೋರು ಕೈ ಹಾಕೋ ಹಾಗಿಲ್ಲ. ಅದಕ್ಕೇ ನಿಂತೆ. ಸೋಲೋಕೆ ನಿಂತೆ. ನೋರ್ಮಾ ನಿನ್ನ ಹೆಸರು ಬರೀತಾಳೆ ಅಂತ ಗೊತ್ತಾದ ದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡ್ದೆ. ಆದ್ರೆ ಎಣಿಸಿ ನೋಡಿದ್ರೆ ಎಡವಟ್ಟು. ನನ್ನ ಲೆಕ್ಕದಲ್ಲಿ ನಾನು ಒಂದೇ ಒಂದು ಓಟಲ್ಲಿ ಗೆದ್ದುಬಿಡ್ತಿದ್ದೆ. ಆ ಒಂದನ್ನ ನಾನೇ ಎತ್ತಿ ಈ ಕಡೆಯಿಂದ ಆ ಕಡೆ ಇಟ್ಟೆ. ಅಷ್ಟೇ.

ನಿನಗೆ ಹೇಳಿದ್ರೆ ನೀನು ನಿಲ್ತಿದ್ಯಾ? ಇಲ್ಲ. ಊರಿಗೆ ಗೊತ್ತಾದ್ರೆ ನೀನು ಸಾಯೋವರೆಗೂ "ಕ್ಲೆಮ್ ಕೂರಿಸಿದ ಹೆಂಗಸು". ಗೆದ್ದು ಬಂದೋಳು ಅಂತ ಅನ್ನಿಸ್ಕೋಬೇಕಿತ್ತು ನೀನು. ನನ್ನ ತಲೆ ಮೇಲೆ ಕಾಲಿಟ್ಟು ಬಂದೋಳು ಅಂತ.

ಯಾಕೆ ಅಂತೀಯ... ಯಾಕೆ ಸಾಕಾಯ್ತು ಅಂತ ಕೇಳ್ತೀಯಾ? ಹೇಳ್ತೀನಿ. ಹೋದ ಚಳಿಗಾಲ ಒಂದು ದಿನ ನೀನು ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆ. ಆಫೀಸಿನ ಮುಂದಿನ ಟೇಬಲ್ಲಲ್ಲಿ ನಾನೇ ಕೂತಿದ್ದೆ. ಒಬ್ಬಳು ಬಸುರಿ ಹುಡುಗಿ ಬಂದ್ಲು, ಹೆರಿಗೆಗೆ ಇನ್ನೂರು ಕಿಲೋಮೀಟರ್ ಹೋಗ್ಬೇಕಲ್ಲ ಈಗ, ಅದರ ವಿಷಯ. ನನ್ನನ್ನ ನೋಡಿದ್ಲು. ನೋಡಿ, "ನೆರೀಡಾ ಇಲ್ವಾ? ಪರ್ವಾಗಿಲ್ಲ, ನಾಳೆ ಬರ್ತೀನಿ" ಅಂದ್ಲು. ನನ್ನ ಹಿಂದಿನ ಗೋಡೇಲಿ ನನ್ನದೇ ಫೋಟೋ, ಇಷ್ಟು ದೊಡ್ಡದು. ಅದರ ಕೆಳಗೆ ನಾನು. ಆಮೇಲೆ ಇನ್ನೊಬ್ಬ ಬಂದ, ಅವನೂ ಹಾಗೇ. ಒಂದು ವಾರ ನನಗೆ ಹೊಟ್ಟೆಕಿಚ್ಚು, ಗೊತ್ತಾ? ನಿನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಜ್ವರ ಅಂತ ನಿಂಬೆ ಪಾನಕ ಮಾಡಿ ಕೊಟ್ಟೆ ನೀನು. ಅದು ಜ್ವರ ಆಗಿರ್ಲಿಲ್ಲ.

ವಾರ ಕಳೆದ ಮೇಲೆ ಹೊಟ್ಟೆಕಿಚ್ಚು ಆರ್ತು. ಕ್ಯಾನ್‌ಬೆರಾದಲ್ಲಿ ಕೂತ ಈ ಕೋಟನ್ನ ಜನ ಯಾವತ್ತೋ ಬಿಟ್ಟಿದ್ರು. ಹೆರಿಗೆ ವಾರ್ಡ್ ಮುಚ್ಚೋವಾಗ ನಾನು ಪಕ್ಷ ಹೇಳಿದ ಕಡೆ ಕೂತೆ, ನೀನು ಅವರ ಮನೆಮನೆಗೆ ಹೋಗಿ ಕೂತೆ. ಅಷ್ಟು ವ್ಯತ್ಯಾಸ ಸಾಕಲ್ವಾ.

ಕೈಚೀಲ ಎಲ್ಲಿಗೆ ತಗೋತೀಯ? ...ಈಗಂತೂ ವಾಪಸ್ ತಗೊಂಡೇ ತಗೋತೀನಿ ಅಂತೀಯಾ. ದಾನ ತಗೊಳಲ್ಲ. ಭಿಕ್ಷೆ. ಆಹಾ, ಎಂಥ ದೊಡ್ಡ ಮಾತು. ನನ್ನದು ಒಂದೇ ಓಟು ಕಣಮ್ಮ, ಉಳಿದ ಹದಿನೆಂಟು ನಿನ್ನದೇ. ಅವರು ಹದಿನೆಂಟು ಜನ ನಿನ್ನನ್ನ ನಂಬಿ ಬರೆದದ್ದು. ನೀನೂ ನಿನ್ನನ್ನ ನಂಬಿ ಬರೆದದ್ದು ತಾನೇ, ನೀನೂ ಆ ಹದಿನೆಂಟರಲ್ಲಿ ಒಬ್ಬಳಲ್ವಾ. ಮುದುಕನಿಗೆ ಬಿಸಿ ಮುಟ್ಲಿ ಅಂತ ಆದ್ರೂ ನಿನಗೇ ಹಾಕ್ಕೊಂಡೆ ತಾನೇ?

ಹಾಕ್ಕೊಂಡೆ ತಾನೇ?

ನೆರೀಡಾ... ಬಾಗಿಲ ಕಡೆ ನೋಡ್ಬೇಡ, ಇಲ್ಲಿ ನೋಡು. ಹೂಂ ಅನ್ನು, ಇಲ್ಲ ಅನ್ನು. ...ನೀನು ಎಣಿಸಿದ ಹದಿನೆಂಟರಲ್ಲಿ ನೀನಿಲ್ವಾ?

ನನಗೆ ಹಾಕಿದ್ಯಾ?

...ಅಯ್ಯೋ ಹುಚ್ಚಿ. ನಾನು ಗೆಲ್ಲಲಿ ಅಂತ. ಎಣಿಸಿದ್ದೆ ಅಲ್ವಾ, ನಿನ್ನ ಲೆಕ್ಕ ತಪ್ಪಲ್ವಲ್ಲ. ನಿನ್ನ ಓಟು ನಿನಗೇ ಹಾಕ್ಕೊಂಡ್ರೆ ಗೆದ್ದುಬಿಡ್ತೀಯ ಅಂತ ಗೊತ್ತಿತ್ತು, ಅದಕ್ಕೇ ಎತ್ತಿ ಈ ಕಡೆ ಇಟ್ಟೆ. ನಾನು ಆ ಕಡೆ ಇಟ್ಟೆ, ನೀನು ಈ ಕಡೆ ಇಟ್ಟೆ.

ತಡಿ. ಒಂದು ನಿಮಿಷ ತಡಿ, ಎಣಿಸ್ತೀನಿ. ನನ್ನದು ನಿನಗೆ, ನಿನ್ನದು ನನಗೆ. ಎರಡೂ ತೆಗ್ದುಹಾಕು. ಉಳಿದೋರು ಮೂವತ್ತೈದು. ನಿನಗೆ ಹದಿನೆಂಟು.

ನನಗೆ ಹದಿನೇಳು.

ಹದಿನೇಳಾ... ನನ್ನ ಲೆಕ್ಕದಲ್ಲಿ ಹದಿನೆಂಟಿತ್ತು. ಒಬ್ಬರು ಆಗಲೇ ಹೋಗಿದ್ರು ಹಾಗಾದ್ರೆ. ನನಗೆ ಗೊತ್ತೇ ಆಗ್ಲಿಲ್ಲ.

ಇಲ್ಲ, ಕೂತ್ಕೊಳ್ಳಲ್ಲ, ನನಗೇನೂ ಆಗಿಲ್ಲ. ನಿಂತೇ ಇರ್ತೀನಿ. ಅಂದ್ರೆ ಇಬ್ಬರೂ ನೆಟ್ಟಗೆ ನಮ್ಮ ನಮ್ಮ ಹೆಸರಿಗೇ ಹಾಕ್ಕೊಂಡಿದ್ರೂ ನೀನೇ ಗೆಲ್ತಿದ್ದೆ. ನಿನ್ನೆಯಿಂದ ನಾನು... ಕೇಳಿದ್ರೆ ನಗ್ತೀಯ. ಬೆಳಗ್ಗೆ ಗಡ್ಡ ಬೋಳಿಸ್ಕೊಳ್ಳೋವಾಗ ಕನ್ನಡಿ ನೋಡಿ, "ಭೇಷ್ ಕ್ಲೆಮ್, ಕೈ ಎತ್ತಿ ಕೊಟ್ಟೆಯಲ್ಲ, ಯಾರು ಕೊಡ್ತಾರೆ ಹಾಗೆ" ಅಂದ್ಕೊಂಡೆ. ಕೊಡೋಕೆ ನನ್ನ ಕೈಲಿ ಏನಿತ್ತು? ಅವರು ಆಗಲೇ ನಿನಗೆ ಕೊಟ್ಟಾಗಿತ್ತು. ಸೋತೆ ಕಣಮ್ಮ. ನಾಟಕ ಅಲ್ಲ, ನಿಜವಾಗ್ಲೂ ಸೋತೆ.

ನೋವಾಗುತ್ತೆ. ಆಗಲ್ಲ ಅಂತ ಯಾಕೆ ಹೇಳ್ಲಿ. ಏಳು ಚುನಾವಣೇಲಿ ಇದರ ರುಚಿ ಹೇಗಿರುತ್ತೆ ಅಂತ ಗೊತ್ತಾಗಿರ್ಲಿಲ್ಲ, ಈಗ ಗೊತ್ತಾಯ್ತು.

ಬೇಡ, ಬೇಡ. ನನ್ನ ಕೈ ಹಿಡ್ಕೊಂಡು ನಿಂತ್ಕೋಬೇಡ. ಆ ಫೋನ್ ತಗೋ. ನಾನು ಕೊಟ್ಟದ್ದಾಗಿದ್ರೆ ನನಗೇ ವಾಪಸ್ ಕೊಟ್ಟು ಹೋಗ್ಬಹುದಿತ್ತು ನೀನು. ಇದು ನಾನು ಕೊಟ್ಟದ್ದಲ್ಲ. ಆ ಜನ ಕೊಟ್ಟದ್ದು. ಅವರ ಮುಖ ನೋಡಿ ಬೇಡ ಅನ್ನೋ ಧೈರ್ಯ ನಿನಗಿಲ್ಲ, ನನಗೆ ಗೊತ್ತು. ಹಾಂ, ಒತ್ತು. ಒತ್ತು ಆ ನಂಬರು.

ಹೇಳು, ಟಿಕೆಟ್ಟು ಒಪ್ಕೊಂಡಿದ್ದೀನಿ ಅಂತ. ಹೆಸರು ಪೂರ್ತಿ ಹೇಳು. ಏನು ಪಿಸಿಪಿಸಿ? ನೋರ್ಮಾಗೆ ಕಿವಿ ಮಂದ, ಅದೂ ಗೊತ್ತಿಲ್ವಾ.

ಇನ್ನೂ ಜೋರಾಗಿ ಹೇಳಮ್ಮ. ನನಗೂ ಕೇಳಿಸ್ಲಿ.